ಒಳಹೊಲಿಗೆ ತೋರಿಸಿದ್ದು

ನಮ್ಮ ಮನೆಯವರಿಗೆ ನೂಲನ್ನು ಹಲ್ಲಿನಲ್ಲಿ ಕಡಿಯುವ ಚಟ. ಮೇಜಿನ ಮೇಲೆ ದೊಡ್ಡ ಕತ್ತರಿ ಇರುತ್ತದೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ ನೇತಾಡುತ್ತಿರುತ್ತದೆ. ಆದರೂ ಗುಂಡಿ ಹಾಕಿ ಮುಗಿದ ಕೂಡಲೇ ಅಂಗಿಯನ್ನು ಬಾಯಿಗೆ ತಂದು ಕಟಕ್ ಅನಿಸಿದರೇ ಅವರಿಗೆ ಸಮಾಧಾನ. ಮದುವೆಯಾದಂದಿನಿಂದ ಹೇಳುತ್ತಿದ್ದೇನೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತೇನೋ. ಇದರ ಜೊತೆಗೆ ಮೆಷಿನ್ನಿನ ಮುಂದೆ ಕೂತು ದಿನವಿಡೀ ಸಕ್ಕರೆ ಸುರಿದ ಟೀ. ಹಲ್ಲು ಹಾಳಾಗದೆ ಇನ್ನೇನಾದೀತು?

ಇನ್ನೊಂದು ಅಭ್ಯಾಸವೂ ಇದೆ. ಅಂಗಡಿಗೆ ಹೊಸ ಗಿರಾಕಿ ಬಂದರೆ ಸಾಕು, ಹೊಲಿದಿಟ್ಟ ಯಾವುದಾದರೂ ಅಂಗಿಯನ್ನು ಎತ್ತಿಕೊಂಡು, ಒಳಗಡೆಯನ್ನು ಹೊರಗೆ ತಿರುವಿ, ಅವರ ಮೂಗಿನ ಹತ್ತಿರ ಹಿಡಿಯುತ್ತಾರೆ. “ಮೇಲೆ ಎಲ್ರೂ ಚೆನ್ನಾಗೇ ಹೊಲೀತಾರೆ ಸ್ವಾಮಿ. ಮಾತು ಯಾಕೆ? ಒಳಗಡೆ ನೋಡಿ,” ಅನ್ನುತ್ತಾರೆ. ಬೋರ್ಡು, ಜಾಹೀರಾತು ಎಲ್ಲ ಅವರಿಗೆ ಅದೇ. ಕೆಲಸ ಚೆನ್ನಾಗಿದ್ದರೆ ಅದನ್ನು ತಿರುವಿ ತೋರಿಸಿದರಾಯಿತು, ಲೋಕ ಒಪ್ಪಿಕೊಳ್ಳುತ್ತದೆ ಅಂತ ನಂಬಿಕೊಂಡು ಇಷ್ಟು ವರ್ಷ ಬಾಳಿದವರು. ನಮ್ಮ ಮನೆಗೆ ಬಡಿದದ್ದು ಈ ಎರಡು ಅಭ್ಯಾಸಗಳೇ.

ನನ್ನ ಸೊಸೆ ಸರಕಾರಿ ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಡಾಕ್ಟರಮ್ಮನ ಪಕ್ಕ ತಟ್ಟೆ ಹಿಡಿಯುವುದು, ದೀಪ ತಿರುಗಿಸುವುದು, ಸಾಮಾನು ಕುದಿಸಿಡುವುದು ಅವಳ ಕೆಲಸ. ಡಾಕ್ಟರಮ್ಮ ವಾರಕ್ಕೆ ಎರಡೇ ದಿನ ಬರುತ್ತಾರೆ, ಉಳಿದ ದಿನಗಳಲ್ಲಿ ಅವರಿಗೆ ಬೇರೆ ಊರುಗಳಿವೆ. ಆ ಎರಡು ದಿನ ಆಸ್ಪತ್ರೆಯ ಜಗುಲಿಯನ್ನು ನೋಡಬೇಕು. ಎಲ್ಲರೂ ಕೆನ್ನೆಗೆ ಕೈ ಕೊಟ್ಟು ಕೂತಿರುತ್ತಾರೆ, ಊರಿಗೆ ಊರೇ ಯಾವುದೋ ಯೋಚನೆಗೆ ಬಿದ್ದ ಹಾಗೆ. ಅರ್ಧ ಜನ ಸಂಜೆ ಹಾಗೇ ಎದ್ದು ಮನೆಗೆ ಹೋಗುತ್ತಾರೆ.

ಇದಕ್ಕೇ ಅಂತ ಸರಕಾರ ಒಂದು ಹೊಸ ಕೋರ್ಸು ತೆರೆಯಿತು. ಪೂರ್ತಿ ಡಾಕ್ಟರೂ ಅಲ್ಲ, ಬರೀ ಸಹಾಯಕಿಯೂ ಅಲ್ಲ, ನಡುವಿನವರು. ಹುಳುಕು ಕೆರೆದು ಸಿಮೆಂಟು ತುಂಬುವುದು, ಮಕ್ಕಳ ಹಲ್ಲು ಕೀಳುವುದು, ಇಷ್ಟನ್ನು ಅವರೇ ಮಾಡಬಹುದು, ದೊಡ್ಡದಿದ್ದರೆ ಡಾಕ್ಟರಿಗೆ ಕಳಿಸಬೇಕು. ಸೊಸೆ ಎರಡು ವರ್ಷ ಹಾಸ್ಟೆಲ್ಲಿನಲ್ಲಿದ್ದು ಅದನ್ನು ಓದಿ ಬಂದಳು. ಅಷ್ಟು ದಿನ ಮೊಮ್ಮಗಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಸ್ಕೂಲಿಗೆ ಕಳಿಸಿದವಳು ನಾನು. ಹೇಳಿಕೊಳ್ಳಬೇಕು ಅಂತಲ್ಲ, ನನ್ನ ಸೊಂಟಕ್ಕೆ ಗೊತ್ತು. ಅವಳು ಪಾಸಾಗಿ ಬಂದಳು, ಲೈಸೆನ್ಸ್ ಮಾತ್ರ ಬರಲಿಲ್ಲ. ಹಲ್ಲಿನ ಡಾಕ್ಟರುಗಳ ಸಂಘ ತಕರಾರು ತೆಗೆದಿತ್ತು. ಕಾನೂನು ಆಗುವವರೆಗೆ ಈ ಕೋರ್ಸು ಓದಿದವರು ಯಾರ ಬಾಯಿಗೂ ಕೈ ಹಾಕುವಂತಿಲ್ಲ, ಹಾಕಿದ್ದು ಗೊತ್ತಾದರೆ ಆಮೇಲೆ ಎಂದೆಂದಿಗೂ ಲೈಸೆನ್ಸ್ ಇಲ್ಲ ಅಂತ ನಿಯಮವಾಯಿತು. ಓದಿ ಬಂದವಳು ಮತ್ತೆ ತಟ್ಟೆ ಹಿಡಿಯಲು ಹೋದಳು.

“ಅಮ್ಮಾ, ನೀನು ಯಾವಾಗ ಡಾಕ್ಟರ್ ಆಗೋದು?” ಊಟಕ್ಕೆ ಕೂತಾಗ ಮೊಮ್ಮಗಳ ಪ್ರಶ್ನೆ. ಅವಳನ್ನು ತಾತ ಗುಂಡಿ ಅಂತ ಕರೆಯುವುದು, ಹಾಗಾಗಿ ನಾವೆಲ್ಲರೂ ಗುಂಡಿ ಅಂತಲೇ ಕರೆಯುತ್ತೇವೆ.

“ಲೈಸೆನ್ಸ್ ಬಂದ್ಮೇಲೂ ಅರ್ಧ ಡಾಕ್ಟರೇ ಕಣೇ.”

“ಹಂಗಾದ್ರೆ ಈಗ?”

“ಈಗ ಕಾಲು,” ಅಂದ ನನ್ನ ಮಗ. ಅವನು ಬೇಕರಿಯ ವ್ಯಾನ್ ಓಡಿಸುತ್ತಾನೆ, ತಮಾಷೆಗೇನೂ ಕಡಿಮೆಯಿಲ್ಲ.

“ಕಾಲಾದ್ರೂ ಸರಿ, ಮುಕ್ಕಾಲಾದ್ರೂ ಸರಿ,” ಅಂದರು ನಮ್ಮ ಮನೆಯವರು. “ನಿನ್ನ ಡಾಕ್ಟರ್ ಕೋಟಿಗೆ ಬಟ್ಟೆ ತಂದಿಟ್ಟಾಯ್ತು. ಒಳ್ಳೇ ದಪ್ಪ ಬಿಳೀ ಬಟ್ಟೆ. ನಾಳೆ ಅಳತೆ ಕೊಡು ತಾಯಿ.”

“ಬೇಡ ಮಾವ. ಲೈಸೆನ್ಸ್ ಬರೋವರೆಗೂ ಅದಕ್ಕೆ ಕತ್ತರಿ ಹಾಕ್ಬೇಡಿ. ಕತ್ತರಿಸಿದ್ಮೇಲೆ ಅಂಗಡಿಯವರು ವಾಪಸ್ ತಗೊಳ್ಳಲ್ಲ.”

“ವಾಪಸ್ ಯಾಕೆ ಕೊಡೋಣ? ಅಪಶಕುನ ಮಾತಾಡ್ಬೇಡ.”

ಬಟ್ಟೆ ಕಪಾಟಿನ ಮೇಲಿನ ಹಲಗೆಯಲ್ಲಿ ಕಾಗದದ ಸಮೇತ ಕೂತಿತು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಇವರು ಅದರ ಮೇಲಿನ ಧೂಳು ಒರೆಸುತ್ತಿದ್ದರು.

ಸ್ಕೂಲು ಶುರುವಾಗುವ ಮೊದಲಿನ ವಾರಗಳಲ್ಲಿ ಯೂನಿಫಾರ್ಮಿನ ಗಡಿಬಿಡಿ. ಆಗಲೇ ಇವರ ಹಲ್ಲು ಕೆಟ್ಟು ಕೂತಿತು. ಮೊದಲು ಹೇಳಲೇ ಇಲ್ಲ. ಒಂದೇ ಕಡೆ ಅಗಿಯುವುದನ್ನು ನೋಡಿ ನಾನೇ ಕಂಡುಹಿಡಿದೆ. ಆಮೇಲೆ ಅನ್ನ ಬಿಟ್ಟರು, ಬ್ರೆಡ್ಡು ಹಾಲಿನಲ್ಲಿ ನೆನೆಸಿಕೊಂಡರು. ಕೊನೆಗೆ ಗಂಜಿ. ಟೀ ಕುಡಿದರೆ ಜೀವ ಹೋಗುತ್ತದೆ, ನೀರು ಕುಡಿದರೂ ಹೋಗುತ್ತದೆ. ಒಂದು ಅಗುಳು ಆ ತೂತಿಗೆ ಸಿಕ್ಕಿಕೊಂಡರೆ ಮೆಷಿನ್ನಿನ ಮೇಲೆ ತಲೆಯಿಟ್ಟು ಕೂತುಬಿಡುತ್ತಿದ್ದರು. ಲವಂಗ ಇಟ್ಟಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಡಾಕ್ಟರಮ್ಮ ತಾಯಿಯ ಆಪರೇಷನ್ನಿಗೆ ಅಂತ ರಜೆ ಹಾಕಿ ಊರಿಗೆ ಹೋಗಿದ್ದರು. ಅವರ ಬದಲಿಗೆ ಯಾರೂ ಇಲ್ಲ. ಆಸ್ಪತ್ರೆಯ ಬಾಗಿಲಿಗೆ ಬೀಗ.

ಮಗ ಅಪ್ಪನನ್ನು ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ಪಕ್ಕ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದ. ಸಂಜೆ ಇಬ್ಬರೂ ಜೋಲುಮೋರೆ ಹಾಕಿಕೊಂಡು ಬಂದರು.

“ಏನಂದ್ರೋ?”

“ಮುಂದಿನ ತಿಂಗಳು ಬನ್ನಿ ಅಂದ್ರು. ಅಲ್ಲಿವರೆಗೂ ನೋವಿನ ಮಾತ್ರೆ.”

“ಅಲ್ಲಿವರೆಗೂ ಈ ಮನುಷ್ಯ ಊಟ ಮಾಡೋದು ಬೇಡ್ವಾ?”

“ನನ್ನ ಮೇಲ್ಯಾಕಮ್ಮ ರೇಗ್ತೀಯಾ? ಅಲ್ಲಿ ನಮ್ಮಂಥೋರು ಸಾಲುಸಾಲು ಕೂತಿದಾರೆ.”

ಸೊಸೆ ಟಾರ್ಚ್ ಹಿಡಿದು ಮಾವನ ಬಾಯಿ ನೋಡಿದಳು. ನೋಡುವುದಕ್ಕೆ ಲೈಸೆನ್ಸ್ ಬೇಕಿಲ್ಲವಲ್ಲ. “ಆಳಕ್ಕೆ ಹೋಗಿದೆ, ಬೇರಿಗೆ ಇನ್ನೂ ಮುಟ್ಟಿಲ್ಲ. ಈಗ ತುಂಬಿದ್ರೆ ಹಲ್ಲು ಉಳಿಯುತ್ತೆ. ಮುಂದಿನ ತಿಂಗಳಿಗಾದ್ರೆ ಕೀಳಲೇಬೇಕಾಗುತ್ತೆ,” ಅಂದಳು. ಹೇಳಿ ಟಾರ್ಚ್ ಆರಿಸಿ, ಪಾತ್ರೆ ತೊಳೆಯಲು ಹೋದಳು.

ನಾನು ಹಿಂದೆಯೇ ಹೋದೆ. “ಏನಮ್ಮಾ, ಎರಡು ವರ್ಷ ಅಲ್ಲಿ ಕಲಿತಿದ್ದೇನು? ಪಕ್ಕದಲ್ಲಿ ನಿಂತು ನೋಡೋದಾ?”

“ಬರಲ್ಲ ಅಂತಲ್ಲ ಅತ್ತೆ. ಮಾಡೋ ಹಾಗಿಲ್ಲ.”

“ಮನೆಯೊಳಗೆ ಯಾರು ಬಂದು ನೋಡ್ತಾರೆ?”

“ಗೊತ್ತಾದ್ರೆ?”

“ಗೊತ್ತಾಗೋದು ಹೆಂಗೆ? ನಾನೇನು ಡಂಗುರ ಹೊಡೀತೀನಾ?”

ಮಗ ಹೊರಗಿನ ಕೋಣೆಯಿಂದಲೇ ಕೂಗಿದ. “ಅಮ್ಮಾ, ಅವಳನ್ನ ಬಿಟ್ಟುಬಿಡು. ಹೆಚ್ಚುಕಮ್ಮಿ ಆದ್ರೆ ಅವಳ ಓದೆಲ್ಲ ನೀರಲ್ಲಿ ಹೋಮ.”

“ನಿಮ್ಮಪ್ಪ ಗಂಜಿನೂ ಬಿಟ್ಟಿದಾರೆ ಕಣೋ. ಅದು ಕಾಣಲ್ವಾ ನಿನಗೆ?”

ಇವರು ಮಾತ್ರ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಬಾಯಿಬಿಟ್ಟು ಕೇಳಿದ್ದರೆ ಅವಳು ಆಗಲ್ಲ ಅನ್ನುತ್ತಿದ್ದಳೇನೋ. ಕೇಳದೆ ಇದ್ದದ್ದಕ್ಕೇ ಅವಳಿಗೆ ತಡೆಯಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿಯ ಷಟರ್ ಎಳೆದೆವು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲಿದ್ದ ಅಳತೆ ಪಟ್ಟಿ, ಸೀಮೆಸುಣ್ಣ, ಗಂಟುಗಳನ್ನೆಲ್ಲ ಕೆಳಗಿಳಿಸಿದೆ. ಇವರು ಅದರ ಮೇಲೆ ಮಲಗಿದರು, ತಲೆಯಡಿಗೆ ಯೂನಿಫಾರ್ಮಿನ ಬಟ್ಟೆಯ ಸುರುಳಿ. ಮೆಷಿನ್ನಿನ ಬಗ್ಗಿಸುವ ದೀಪವನ್ನು ಬಿಚ್ಚಿ ನಾನು ಹಿಡಿದೆ. ಮಗ ಷಟರಿನ ಹತ್ತಿರ ಗೊಣಗುತ್ತಾ ನಿಂತ. ಗುಂಡಿಯನ್ನು ಪಕ್ಕದ ಮನೆಗೆ ಆಟಕ್ಕೆ ಕಳಿಸಿದ್ದೆವು.

ಸೊಸೆ ಕೋರ್ಸಿನಲ್ಲಿ ಕೊಟ್ಟಿದ್ದ ಪೆಟ್ಟಿಗೆ ತೆಗೆದಳು. ಪುಟ್ಟ ಚಮಚದಂಥ ಸಲಾಕೆಯಲ್ಲಿ ಕರಕರ ಅಂತ ಹುಳುಕು ಕೆರೆದಳು. ಗಾಜಿನ ಚೂರಿನ ಮೇಲೆ ಪುಡಿಯನ್ನೂ ದ್ರವವನ್ನೂ ಕಲಸಿ, ತುಂಬಿ, ಬೆರಳಿನಲ್ಲಿ ಒತ್ತಿ ಹಿಡಿದಳು. ಇವರು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ದೀಪ ಅಲುಗಾಡುತ್ತಿತ್ತು. “ಅತ್ತೆ, ಬೆಳಕು,” ಅಂದಳು ಅವಳು. ಆ ದನಿಯಲ್ಲಿ ಅವಳು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಕೋಪವೇನೂ ಬರಲಿಲ್ಲ, ದೀಪ ಸರಿಯಾಗಿ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು.

“ಮಾವ, ಇದು ಈ ಕೋಣೆ ದಾಟಬಾರದು,” ಅಂದಳು ಕೈ ತೊಳೆದುಕೊಂಡು.

“ನನ್ನ ಹೊಟ್ಟೇಲಿರುತ್ತೆ ತಾಯಿ.”

“ನೂಲು ಕಡಿಯೋದು ಇವತ್ತಿಗೆ ನಿಲ್ಲಬೇಕು.”

“ನಿಲ್ತು.”

ನಿಜವಾಗಿಯೂ ನಿಂತಿತು! ನಾನು ಒಂದು ಜನ್ಮವಿಡೀ ಹೇಳಿದ್ದನ್ನು ಅವಳು ಒಂದು ಸಲ ಹೇಳಿದಳು, ಇವರು ಕೊರಳಿನ ಕತ್ತರಿ ಹಿಡಿದರು. ಎರಡು ದಿನಕ್ಕೆ ಅನ್ನ ಉಂಡರು. ವಾರಕ್ಕೆ ಹುರಿದ ಕಡಲೆ ಕೇಳಿದರು. “ನಾಚಿಕೆಯಾಗಲ್ವೇನ್ರೀ?” ಅಂದರೆ, “ಹಲ್ಲಿಗೆ ಪರೀಕ್ಷೆ ಕಣೇ,” ಅಂತ ನಕ್ಕರು.

ಡಾಕ್ಟರಮ್ಮ ರಜೆ ಮುಗಿಸಿ ಬಂದ ಮೇಲೆ ಒಂದು ಸಲ ತೋರಿಸಿಬಿಡೋಣ ಅಂತ ನಾನೇ ಇವರನ್ನು ಕರೆದುಕೊಂಡು ಹೋದೆ. ಅವರು ಬಾಯೊಳಗೆ ಕನ್ನಡಿ ಇಟ್ಟು ನೋಡಿದರು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಸೊಸೆಯನ್ನೂ ನೋಡಿದರು. “ಚೆನ್ನಾಗಿದೆ. ಯಾರ ಹತ್ರ ಹಾಕ್ಸಿದ್ರಿ ಅಂತ ನಾನು ಕೇಳಲ್ಲ, ನೀವೂ ಹೇಳ್ಬೇಡಿ,” ಅಂದರು. ಒಳ್ಳೆಯ ಹೆಂಗಸು. ಅಲ್ಲಿಗೆ ಮುಗಿಯಬೇಕಿತ್ತು.

ಕಾನೂನು ಮಾಡುವ ಮೊದಲು ಜನರ ಅಭಿಪ್ರಾಯ ಕೇಳಲು ಸಮಿತಿಯೊಂದು ಊರೂರಿಗೆ ಬರುತ್ತಿತ್ತು. ನಮ್ಮ ಸರದಿ ಬಂದಾಗ ಸ್ಕೂಲಿನ ಹಾಲ್‌ನಲ್ಲಿ ಸಭೆ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ಬರುವ ಹಾಗೆ ಕೂತೆವು. ಮುಂದಿನ ಮೇಜಿನಲ್ಲಿ ಸಮಿತಿಯವರು, ನಡುವೆ ಕನ್ನಡಕದ ಅಧ್ಯಕ್ಷೆ. ಸೊಸೆ ಅವಳ ಕೋರ್ಸಿನ ಹುಡುಗಿಯರ ಜೊತೆ ಕಿಟಕಿಯ ಪಕ್ಕ.

ಡಾಕ್ಟರುಗಳ ಸಂಘದಿಂದ ಒಬ್ಬರು ಎದ್ದು ಮಾತಾಡಿದರು. ಒರಟು ಮನುಷ್ಯನೇನಲ್ಲ, ಮೆತ್ತಗೆ ಮಾತು. “ಇವರನ್ನ ನಾನು ಹೀಗಳೀತಿಲ್ಲ. ಆದ್ರೆ ಬಾಯೊಳಗಿನ ಕೆಲಸ ಎರಡು ವರ್ಷಕ್ಕೆ ಬರುತ್ತಾ? ಕೆಟ್ಟರೆ ಯಾರು ಜವಾಬ್ದಾರಿ? ಇಷ್ಟು ಜನ ಕೂತಿದೀರಲ್ಲ, ಇವರ ಕೈಗೆ ನಿಮ್ಮ ಹಲ್ಲು ಕೊಡೋರು ಒಬ್ಬರಾದ್ರೂ ಇದೀರಾ?”

ಯಾರಾದರೂ ಏನಾದರೂ ಹೇಳಬಾರದಿತ್ತೇ? ಜಗುಲಿಯಲ್ಲಿ ಕೆನ್ನೆ ಹಿಡಿದು ಕೂರುವವರೆಲ್ಲ ಅಲ್ಲೇ ಇದ್ದರು. ಎಲ್ಲರೂ ಕಾಲಿನ ಹೆಬ್ಬೆರಳು ನೋಡಿಕೊಂಡರು.

ಪಕ್ಕದಲ್ಲಿ ಇವರು ಮಿಸುಕಾಡಿದ್ದು ಗೊತ್ತಾಯಿತು. ಅಂಗಿ ಹಿಡಿದೆ. ಕೊಡವಿಕೊಂಡು ಎದ್ದರು.

“ನಾನು ಕೊಟ್ಟಿದ್ದೀನಿ ಸ್ವಾಮಿ.”

“ರೀ, ಕೂತ್ಕೊಳ್ರೀ,” ಅಂದೆ. ಎಲ್ಲಿ ಕೇಳುತ್ತಾರೆ! ಹೊಸ ಗಿರಾಕಿ ಬಂದಾಗ ಮೆಷಿನ್ ಬಿಟ್ಟು ಎದ್ದು ಹೋಗುತ್ತಾರಲ್ಲ, ಅದೇ ನಡಿಗೆಯಲ್ಲಿ ಮೇಜಿನ ಹತ್ತಿರ ಹೋದರು. “ಮಾತು ಯಾಕೆ? ಒಳಗಡೆ ನೋಡಿ,” ಅಂದು, ಕೆನ್ನೆಯನ್ನು ಬೆರಳಿನಲ್ಲಿ ಎಳೆದು ಬಾಯಿ ತೆರೆದರು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಸಂಘದವರು ತಮ್ಮ ಜೇಬಿನ ಟಾರ್ಚಿನಿಂದ ನೋಡಿ, “ಕೆಲಸ ಅಚ್ಚುಕಟ್ಟಾಗಿದೆ. ಯಾರು ಮಾಡಿದ್ದು?” ಅಂದರು.

“ನನ್ನ ಸೊಸೆ. ಅಗೋ, ಕಿಟಕಿ ಹತ್ರ ಕೂತಿದಾಳೆ ನೋಡಿ. ಡಾಕ್ಟರೂ ಇರ್ಲಿಲ್ಲ, ದೊಡ್ಡಾಸ್ಪತ್ರೇಲಿ ಮುಂದಿನ ತಿಂಗಳು ಬಾ ಅಂದ್ರು. ಇವಳಿಲ್ದಿದ್ರೆ ಈ ಹಲ್ಲು ಇವತ್ತು ಕಸದ ಬುಟ್ಟೀಲಿರ್ತಿತ್ತು.”

ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಬೆಂಚಿನವರು ಎದ್ದು ನಿಂತು ತಟ್ಟಿದರು. ಸೊಸೆ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದಳು. ಅವಳ ಎರಡೂ ಕಡೆಯ ಹುಡುಗಿಯರು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು.

ಅಧ್ಯಕ್ಷೆ ಬಹಳ ಮೆಲ್ಲಗೆ ಕೇಳಿದರು. “ಇದು ಯಾವಾಗ ಮಾಡಿದ್ದು ಯಜಮಾನ್ರೇ?”

“ಮೊನ್ನೆ, ಸ್ಕೂಲು ಶುರುವಾಗೋಕೆ ಮುಂಚೆ.”

“ಇವರ ಲೈಸೆನ್ಸ್ ಇನ್ನೂ ಬಂದಿಲ್ವಲ್ಲ.”

ಇವರ ಬೆರಳು ಇನ್ನೂ ಕೆನ್ನೆಯಲ್ಲೇ ಇತ್ತು. ತೆಗೆಯುವುದು ಮರೆತು ನಿಂತರು.

ಮನೆಗೆ ಬಂದ ಮೇಲೆ ಮಗ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. “ಅಪ್ಪಾ, ನಿಮಗೆ ಯಾರು ಎದ್ದು ನಿಂತ್ಕೊಳ್ಳಿ ಅಂದ್ರು?”

“ಅವರು ನಮ್ಮ ಹುಡುಗೀರ ಕೆಲಸ ಸರಿಯಿಲ್ಲ ಅಂದ್ರು ಕಣೋ. ಸುಮ್ನೆ ಹೆಂಗೆ ಕೂರೋದು?”

“ಎಲ್ರೂ ಕೂತಿರ್ಲಿಲ್ವಾ?”

“ಕೆಲಸ ಚೆನ್ನಾಗಿದೆ ಅಂತ ಅವರ ಬಾಯಿಂದಲೇ ಬಂತಲ್ಲೋ. ಚೆನ್ನಾಗಿರೋ ಕೆಲಸಕ್ಕೆ ಶಿಕ್ಷೆ ಕೊಡ್ತಾರಾ?”

“ಇದು ಅಂಗಿಯಲ್ಲ ಅಪ್ಪಾ! ಅಂಗಿಯಲ್ಲ!”

“ನೀನು ಕೂಗ್ಬೇಡ,” ಅಂದೆ ನಾನು. “ಅಮ್ಮಾ, ಮೊದಲು ಮಾಡು ಮಾಡು ಅಂತ ಪ್ರಾಣ ತಿಂದೋಳು ನೀನು,” ಅಂದ. ಸರಿಯೋ ತಪ್ಪೋ, ನಾನೂ ಒಂದು ಉತ್ತರ ಕೊಟ್ಟೆ. ಅದಕ್ಕೆ ಅವನೂ ಕೊಟ್ಟ. ಇಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದಾಗ ಸೊಸೆ ತಟ್ಟೆ ಹಾಕಿದಳು.

“ಬಿಡಿ. ಮಾವ ಸುಳ್ಳೇನೂ ಹೇಳಿಲ್ವಲ್ಲ. ಊಟಕ್ಕೆ ಬನ್ನಿ.”

ಅವಳು ಕಿರುಚಾಡಿದ್ದರೆ ಚೆನ್ನಾಗಿತ್ತು. ಪಾತ್ರೆ ಎತ್ತಿ ಎಸೆದಿದ್ದರೂ ನಾನು ಸದ್ದಿಲ್ಲದೆ ಆರಿಸಿಡುತ್ತಿದ್ದೆ.

ಕಾನೂನು ಆಯಿತು. ಒಬ್ಬ ಟೇಲರ್ ಸಭೆಯಲ್ಲಿ ತನ್ನ ಹಲ್ಲು ತೋರಿಸಿ ಸಮಿತಿಯವರ ಮನಸ್ಸು ತಿರುಗಿಸಿದ ಅಂತ ರೇಡಿಯೋದಲ್ಲೂ ಬಂತು. ಬೀದಿಯಲ್ಲಿ ಹೋಗುವವರು ಅಂಗಡಿಗೆ ಇಣುಕಿ, “ನಿಮ್ಮಿಂದ ಆಯ್ತು ನೋಡಿ,” ಅಂತ ಕೈ ಮುಗಿದರು. ಇವರು ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಕೋರ್ಸಿನ ಅಷ್ಟೂ ಹುಡುಗಿಯರಿಗೆ ಲೈಸೆನ್ಸ್ ಬಂತು. ನಮ್ಮವಳೊಬ್ಬಳಿಗೆ ಇಲ್ಲ.

ಲೈಸೆನ್ಸ್ ಕೊಡುವ ಆಫೀಸಿಗೆ ಹೋದೆವು. ಅಲ್ಲಿನ ಅಧಿಕಾರಿ ಕುರ್ಚಿ ಕೊಟ್ಟು, ಟೀ ತರಿಸಿ, ಆಗುವುದಿಲ್ಲ ಅಂದರು. “ನಿಯಮ ನಾನು ಮಾಡಿದ್ದಲ್ಲಮ್ಮಾ. ನಿಮ್ಮವರೇ ಎಲ್ಲರೆದುರಿಗೆ ಹೇಳಿಬಿಟ್ರು. ಒಬ್ಬರಿಗೆ ಬಿಟ್ಟುಕೊಟ್ರೆ ಸಂಘದವರು ಇಡೀ ಕಾನೂನನ್ನೇ ಕೋರ್ಟಿಗೆ ಎಳೀತಾರೆ. ಆಮೇಲೆ ಯಾರಿಗೂ ಸಿಗಲ್ಲ.”

“ನಾನು ಸುಳ್ಳು ಹೇಳ್ದೆ ಅಂತ ಬರ್ಕೊಡ್ತೀನಿ,” ಅಂದರು ಇವರು. “ಮುದುಕ, ಬಾಯಿಗೆ ಬಂದಿದ್ದು ಒದರ್ದೆ ಅಂತ.”

“ಹಾಗಾದ್ರೆ ಆ ಹಲ್ಲು ತುಂಬಿದ್ದು ಯಾರು ಅಂತ ಹೇಳ್ಬೇಕಾಗುತ್ತಲ್ಲ?”

ಅಲ್ಲಿಂದ ಡಾಕ್ಟರಮ್ಮನ ಹತ್ತಿರ ಓಡಿದೆವು. ಆ ಹಲ್ಲು ತುಂಬಿದ್ದು ನೀವೇ ಅಂತ ಒಂದು ಮಾತು ಹೇಳಿಬಿಡಿ ಅಂತ ಬೇಡಿಕೊಂಡೆ. ಅವರ ಕಣ್ಣು ತುಂಬಿತು. “ಅವತ್ತು ನೋಡಿ ಸುಮ್ಮನಿದ್ದೆ. ಅಷ್ಟೇ ನನ್ನ ಕೈಲಾಗಿದ್ದು. ಆ ವಾರ ನಾನು ರಜೇಲಿದ್ದಿದ್ದು ಎಲ್ಲರಿಗೂ ಗೊತ್ತು. ಸುಳ್ಳು ಹೇಳಿದ್ರೆ ಅವಳಿಗೂ ಇಲ್ಲ, ನನಗೂ ಇಲ್ಲ, ಈ ಆಸ್ಪತ್ರೆಗೆ ಬೀಗ.” ಯಾರ ಮೇಲೆ ಸಿಟ್ಟು ಮಾಡಲಿ? ಜಗಳವಾಡಲು ಒಬ್ಬ ಕೆಟ್ಟವನಾದರೂ ಸಿಗಬಾರದಿತ್ತೇ!

ನಮ್ಮ ಆಸ್ಪತ್ರೆಗೆ ಹೊಸಬಳು ಬಂದಳು. ಸೊಸೆಯ ಜೊತೆಯೇ ಓದಿದವಳು, ಪರೀಕ್ಷೆಗೆ ಮೊದಲು ಇವಳಿಂದಲೇ ಪಾಠ ಹೇಳಿಸಿಕೊಂಡವಳು. ಈಗ ವಾರದ ಎಲ್ಲ ದಿನ ಆಸ್ಪತ್ರೆ ತೆರೆದಿರುತ್ತದೆ. ಜಗುಲಿಯಲ್ಲಿ ಜನ ಕಡಿಮೆಯಾದರು. ಹೊಸಬಳು ತುಂಬುತ್ತಾಳೆ, ಸೊಸೆ ತಟ್ಟೆ ಹಿಡಿಯುತ್ತಾಳೆ.

ಒಂದು ಸಂಜೆ ಸೊಸೆ ಅವಳನ್ನು ಅಂಗಡಿಗೇ ಕರೆದುಕೊಂಡು ಬಂದಳು. ಆ ಹುಡುಗಿ ಒಳಗೆ ಬರಲು ಹಿಂದೇಟು ಹಾಕಿ ಹೊಸ್ತಿಲ ಹತ್ತಿರವೇ ನಿಂತಿತು.

“ಮಾವ, ಇವಳಿಗೊಂದು ಕೋಟು ಬೇಕು. ಸರಕಾರದ್ದು ಬರೋದು ತಡ ಆಗುತ್ತಂತೆ.”

“ಬಿಳೀ ಬಟ್ಟೆ ಇಲ್ಲ,” ಅಂದರು ಇವರು.

“ಮೇಲಿದೆಯಲ್ಲ.”

“ಅದು ಕೋಟಿನ ಬಟ್ಟೆಯಲ್ಲ.”

“ಮಾವ,” ಅಂದಳು ಸೊಸೆ. ಸ್ಟೂಲ್ ಹತ್ತಿ ತಾನೇ ಇಳಿಸಿ, ಕಾಗದ ಬಿಚ್ಚಿ, ಮೇಜಿನ ಮೇಲೆ ಹರಡಿದಳು. ಇವರು ಮಲಗಿದ್ದರಲ್ಲ, ಅದೇ ಮೇಜು. ಆ ಹುಡುಗಿ, “ಬೇಡ ಬಿಡಿ ಅಕ್ಕಾ, ನಾನು ಬೇರೆ ಕಡೆ ಹೊಲಿಸ್ಕೋತೀನಿ,” ಅಂದಿತು. ಸೊಸೆ ಟೇಪು ತೆಗೆದು ಆ ಹುಡುಗಿಯ ಭುಜಕ್ಕೆ ಹಿಡಿದು ಅಳತೆ ಕೂಗತೊಡಗಿದಳು. ಇವರು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕತ್ತರಿ ಎತ್ತಿದವರು ಅದನ್ನು ಕೆಳಗಿಟ್ಟು, ಎಳೆದ ಗೆರೆಯನ್ನೇ ಇನ್ನೊಂದು ಸಲ ಎಳೆದರು. ಆಮೇಲೆ ಕತ್ತರಿಸಿದರು.

ಕೋಟು ಚೆನ್ನಾಗಿ ಬಂತು. ತೆಗೆದುಕೊಂಡು ಹೋಗಲು ಬಂದ ಹುಡುಗಿಗೆ ಮಡಿಸಿ ಕೊಟ್ಟರು. ಒಳಹೊಲಿಗೆ ತಿರುವಿ ತೋರಿಸಲಿಲ್ಲ.

ಆ ದಿನ ಊಟಕ್ಕೆ ಕೂತಾಗ ಗಮನಿಸಿದೆ, ಇವರು ಮತ್ತೆ ಒಂದೇ ಕಡೆ ಅಗಿಯುತ್ತಿದ್ದರು. ಸೊಸೆ ತುಂಬಿದ ಹಲ್ಲಿನ ಕಡೆಗೆ ತುತ್ತು ಹೋಗುತ್ತಿರಲಿಲ್ಲ.

“ಏನ್ರೀ, ಸಿಮೆಂಟು ಬಿದ್ದುಹೋಯ್ತಾ?”

“ಇಲ್ಲ.”

“ನೋಯ್ತಾ ಇದೆಯಾ?”

“ಕಲ್ಲಿನ ಹಾಗೆ ಗಟ್ಟಿಯಾಗಿದೆ,” ಅಂದರು.

ಸೊಸೆ ಅವರ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು. ಇವರು ತಲೆ ತಗ್ಗಿಸಿಕೊಂಡು ಆ ಇನ್ನೊಂದು ಕಡೆಯಲ್ಲೇ ನಿಧಾನವಾಗಿ ಅಗಿದು ಉಂಡರು.